ಅಪ್ಪನ ಬೂಟಿನ ಹದ

ಏಪ್ರಿಲ್ ಕಾಲಿಟ್ಟಿತೆಂದರೆ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಒಣಗದೆ ಉಳಿಯುವ ವಸ್ತುವೇ ಇಲ್ಲ. ಬೆಳಿಗ್ಗೆ ಹಿಂಡಿ ಹರವಿದ ಸೀರೆ ನಾವು ತಿಂಡಿ ಮುಗಿಸಿ ಏಳುವುದರೊಳಗೆ ಗರಿಗರಿಯಾಗಿರುತ್ತದೆ. ಮಳೆಗಾಲದಲ್ಲಿ ಉಬ್ಬಿ ಮುಚ್ಚಲೊಲ್ಲದೆ ಸತಾಯಿಸಿದ್ದ ಬಾಗಿಲು ಕುಗ್ಗಿ ಚೌಕಟ್ಟಿನಲ್ಲಿ ಅಲ್ಲಾಡುತ್ತದೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ. 2016ರ ಮೇ 20ರಂದು ಅಹಮದಾಬಾದಿನ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅಷ್ಟಾಗದ ವರ್ಷಗಳಲ್ಲೂ 43, 44 ಡಿಗ್ರಿ ಎಂದರೆ ಇಲ್ಲಿಯವರು ಹುಬ್ಬೇರಿಸುವುದಿಲ್ಲ. ಈ ಒಣಬಿಸಿಲಿಗೆ ಮನೆಯೊಳಗೆ ಸದ್ದಿಲ್ಲದೆ ಸೋಲುವುದು ತೊಗಲು. ಕಪಾಟಿನ ಕೆಳಗಿನ ಅರೆಯಲ್ಲಿ ಕೂತ ಬೂಟು ತನಗೆ ಬಾಯಾರಿದೆ ಎಂದು ಹೇಳುವುದಿಲ್ಲ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಿರುಕು ಬಿಟ್ಟಿರುತ್ತದೆ. ಬಿರುಕು ಬಿಟ್ಟ ತೊಗಲನ್ನು ಮತ್ತೆ ಕೂಡಿಸುವ ಎಣ್ಣೆ ಜಗತ್ತಿನಲ್ಲಿಲ್ಲ. ಆದ್ದರಿಂದ ಹೋಳಿ ಕಳೆದು ಒಂದು ಬಿಡುವಿನ ಮಧ್ಯಾಹ್ನ ಸಿಕ್ಕಿದ ಕೂಡಲೇ ನಾನು ಹಳೆಯ ಬೂಟುಗಳನ್ನೆಲ್ಲ ಹೊರಗೆ ತೆಗೆದು, ಹಳೇ ಚಾದರ ಹಾಸಿ ಕೂರುತ್ತೇನೆ. ವರ್ಷದ ಮನೆಗೆಲಸಗಳಲ್ಲಿ ನನಗೆ ತೀರ ಇಷ್ಟವಾದದ್ದು ಇದು.

ಅವುಗಳಲ್ಲಿ ಮುಖ್ಯವಾದ ಜೋಡಿ ಅಪ್ಪನದು. ಅಪ್ಪ ಅಥಣಿ ಕಡೆಯವರು, ತೈಲದ ಕೆಲಸ ಹಿಡಿದು ಗುಜರಾತಿಗೆ ಬಂದವರು. 1958ರಲ್ಲಿ ಖಂಭಾತ್ ಬಳಿಯ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಮೇಲೆ ದೇಶದ ಮೂಲೆಮೂಲೆಯಿಂದ ಭೂವಿಜ್ಞಾನಿಗಳೂ ಎಂಜಿನಿಯರುಗಳೂ ಈ ಕಡೆ ಬಂದರು. 1978ರಲ್ಲಿ ಒಎನ್‌ಜಿಸಿ ತನ್ನ ತೈಲನಿಕ್ಷೇಪಗಳ ಅಧ್ಯಯನ ಸಂಸ್ಥೆಯನ್ನು ಚಾಂದ್‌ಖೇಡಾದಲ್ಲೇ ತೆರೆಯಿತು. ಕನ್ನಡ, ತಮಿಳು, ಬಂಗಾಳಿ, ಅಸ್ಸಾಮಿ ಎಲ್ಲವೂ ಒಂದೇ ಕಾಲೊನಿಯಲ್ಲಿ ಕೇಳಿಸುತ್ತಿದ್ದ ಊರು ಇದು. ಬಾವಿಯ ಹತ್ತಿರದ ಕೆಲಸಕ್ಕೆ ಅಪ್ಪನಿಗೆ ದಪ್ಪ ಬೂಟು ಬೇರೆ ಇತ್ತು. ಮೀಟಿಂಗಿಗೆ, ಮದುವೆಗೆ, ಊರಿಗೆ ಹೋಗುವಾಗ ಈ ಕಪ್ಪು ಆಕ್ಸ್‌ಫರ್ಡ್. ಕೆಲಸದ ಮೇಲೆ ಕೋಲ್ಕತಾಕ್ಕೆ ಹೋದಾಗ ಬೆಂಟಿಂಕ್ ಸ್ಟ್ರೀಟಿನ ಚೀನೀ ಅಂಗಡಿಯಲ್ಲಿ ಕಾಲಳತೆ ಕೊಟ್ಟು ಹೊಲಿಸಿಕೊಂಡದ್ದು. ಆ ಬೀದಿಯ ಹಕ್ಕಾ ಚೀನೀಯರು ಬೂಟು ಹೊಲಿಯುವುದರಲ್ಲಿ ಹೆಸರಾದವರು. ಅದೇ ಸಮುದಾಯದವರು ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವುದರಲ್ಲೂ ಅಷ್ಟೇ ಹೆಸರಾಗಿದ್ದರು.

ಆ ಬೂಟನ್ನು ಮಡಿಲಲ್ಲಿಟ್ಟುಕೊಂಡು ನೋಡಿದರೆ ಅದು ಎಷ್ಟು ವಿಚಾರ ಮಾಡಿ ಕಟ್ಟಿದ ವಸ್ತು ಎಂದು ಗೊತ್ತಾಗುತ್ತದೆ. ಮೇಲ್ಭಾಗ ತೆಳುವಾದ ಕರುವಿನ ಚರ್ಮ, ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಅಟ್ಟೆ ದಪ್ಪನೆಯ ಚರ್ಮ, ಮರದ ತೊಗಟೆಯ ಒಗರಿನಲ್ಲಿ ನೆನೆದು ಗಟ್ಟಿಯಾದದ್ದು. ಒಂದೇ ಬೂಟಿನಲ್ಲಿ ಎರಡು ಕಾಲದ ಎರಡು ವಿದ್ಯೆ. ತೊಗಟೆಯದು ಸಾವಿರಾರು ವರ್ಷ ಹಳೆಯದು. ಕ್ರೋಮ್ ಬಂದದ್ದು 19ನೇ ಶತಮಾನದ ಕೊನೆಗೆ. ಅದನ್ನು ನಮ್ಮ ದೇಶದಲ್ಲಿ ಮೊದಲು ಬೇರೂರಿಸಿದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಖ್ಯರು. ಮದರಾಸಿನಲ್ಲಿ ಆ ಕೆಲಸ ಮಾಡಿದ ಮೇಲೆ ಅವರು ಮೈಸೂರು ಸಂಸ್ಥಾನಕ್ಕೆ ಬಂದು ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗಾರಿಕಾ ನಿರ್ದೇಶಕರಾದರು. ಮೇಲಿನ ಚರ್ಮ, ಒಳಅಟ್ಟೆ, ವೆಲ್ಟ್ ಎಂಬ ಕಿರಿದಾದ ತೊಗಲಪಟ್ಟಿ, ಈ ಮೂರನ್ನೂ ಹಿಡಿದು ಒಂದು ಹೊಲಿಗೆ. ಆ ಪಟ್ಟಿಗೆ ಹೊರಅಟ್ಟೆಯನ್ನು ಕೂಡಿಸುವ ಇನ್ನೊಂದು ಹೊಲಿಗೆ. ನಡುವಿನ ಖಾಲಿಯಲ್ಲಿ ಕಾರ್ಕ್ ಪುಡಿ. ತೊಟ್ಟು ನಡೆದಂತೆ ಕಾರ್ಕೂ ಒಳಅಟ್ಟೆಯೂ ಅದುಮಿಕೊಂಡು ತೊಡುವವನ ಅಂಗಾಲಿನ ಅಚ್ಚನ್ನೇ ಪಡೆಯುತ್ತವೆ. ಹೊರಅಟ್ಟೆ ಸವೆದರೆ ಕೆಳಗಿನ ಹೊಲಿಗೆ ಬಿಚ್ಚಿ ಹೊಸದನ್ನು ಹಾಕಬಹುದು, ಮೇಲಿನ ಚರ್ಮಕ್ಕೆ ಏಟು ತಾಗುವುದೇ ಇಲ್ಲ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಅಂಟಿನ ಪಿಯು ಅಟ್ಟೆ ಹಾಗಲ್ಲ. ಗಾಳಿಯ ತೇವವೇ ಅದನ್ನು ಒಳಗೊಳಗೆ ಒಡೆಯುತ್ತದೆ, ತೊಡದೆ ಡಬ್ಬಿಯಲ್ಲಿಟ್ಟರೂ ಕೆಲವು ವರ್ಷಗಳಲ್ಲಿ ಪುಡಿಪುಡಿ.

ಇಷ್ಟು ಗಟ್ಟಿಯಾದ ವಸ್ತುವಿಗೆ ಇರುವ ದೌರ್ಬಲ್ಯ ಒಂದೇ. ಚರ್ಮವೆಂದರೆ ಕೊಲಾಜೆನ್ ಎಂಬ ನಾರುಗಳ ಹೆಣಿಗೆ. ಹದ ಮಾಡುವವರು ಆ ನಾರುಗಳು ಕೊಳೆಯದಂತೆ ಮಾಡುತ್ತಾರೆ, ಆಮೇಲೆ ಅವುಗಳ ನಡುವೆ ಕೊಬ್ಬು ಕೂಡಿಸುತ್ತಾರೆ. ನಾರು ನಾರಿನ ಮೇಲೆ ಜಾರಿದರೆ ಬೂಟು ಬಾಗುತ್ತದೆ. ಆ ಕೊಬ್ಬು ಬಿಸಿಲಿಗೆ, ಬೆವರಿಗೆ, ವರ್ಷಗಳಿಗೆ ಸವೆಯುತ್ತದೆ. ಆಗ ನಾರುಗಳು ಒಂದಕ್ಕೊಂದು ಉಜ್ಜಿ, ಬೆರಳುಗಳ ಬುಡದಲ್ಲಿ ದಿನವೂ ಮಡಿಯುವ ನೆರಿಗೆಯ ಕಡೆ ಮೊದಲು ಹರಿಯುತ್ತವೆ. ಹಳೆಯ ಬೂಟಿನ ಆರೈಕೆ ಎಂದರೆ ಹೋದ ಕೊಬ್ಬನ್ನು ಸ್ವಲ್ಪ ಸ್ವಲ್ಪವೇ ತಿರುಗಿ ಕೊಡುವುದು. ಹೊಳಪು ಆಮೇಲಿನ ಮಾತು. ಹೊಳಪು ನೋಡುವವರಿಗಾಗಿ, ಹದ ಬೂಟಿಗಾಗಿ.

ಕೆಲಸ ಶುರುವಾಗುವುದು ದಾರ ಬಿಚ್ಚುವುದರಿಂದ. ದಾರ ಇದ್ದಂತೆಯೇ ಒರೆಸಿದರೆ ನಾಲಿಗೆಯ ಪಟ್ಟಿಯ ಮಡಿಕೆಯಲ್ಲಿ ಧೂಳು ಉಳಿದುಬಿಡುತ್ತದೆ. ಸಾಬರಮತಿಯ ಮರಳುಸೀಮೆಯ ಈ ಧೂಳು ಹಿಟ್ಟಿನಷ್ಟು ನುಣುಪು, ಆದರೆ ಪ್ರತಿ ಕಣಕ್ಕೂ ಮೊನೆ ಇದೆ. ನೆರಿಗೆಯಲ್ಲಿ ಕೂತರೆ ಹೆಜ್ಜೆಹೆಜ್ಜೆಗೂ ಚರ್ಮವನ್ನು ತರಿಯುತ್ತದೆ. ಕುದುರೆ ಕೂದಲಿನ ಬ್ರಷ್ಷಿನಿಂದ ವೆಲ್ಟಿನ ಅಂಚಿನುದ್ದಕ್ಕೂ ಮೊದಲು ಧೂಳು ಬಿಡಿಸಬೇಕು. ಆಮೇಲೆ ಹಿಂಡಿದ ಒದ್ದೆ ಬಟ್ಟೆ. ಬೆವರಿನ ಉಪ್ಪು ಬಿಳಿ ಗೆರೆಯಾಗಿ ಎದ್ದಿದ್ದರೆ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಒರೆಸಿದರೆ ಹೋಗುತ್ತದೆ. ವರ್ಷಗಟ್ಟಲೆ ಪಾಲಿಶ್ ಮೇಲೆ ಪಾಲಿಶ್ ಬಳಿದು ಹೆಪ್ಪುಗಟ್ಟಿದ್ದರೆ ಅದನ್ನೂ ಕರಗಿಸಿ ತೆಗೆಯಬೇಕು, ಇಲ್ಲವಾದರೆ ಎಣ್ಣೆ ಮೇಣದ ಮೇಲೆಯೇ ನಿಲ್ಲುತ್ತದೆ. ಇಷ್ಟಾದ ಮೇಲೆ ಬೂಟನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಆರಲು ಬಿಡಬೇಕು. ಬಿಸಿಲಿಗಿಟ್ಟು ಅವಸರ ಮಾಡಿದರೆ ನಾವು ಯಾವುದರಿಂದ ಕಾಪಾಡಲು ಹೊರಟೆವೋ ಅದರ ಬಾಯಿಗೇ ಕೊಟ್ಟಂತೆ.

ಆರಿದ ಚರ್ಮವನ್ನು ಹತ್ತಿರದಿಂದ ನೋಡಬೇಕು. ಮೇಣ ಹೋದಮೇಲೆ ಅದು ಕಪ್ಪಾಗಿರುವುದಿಲ್ಲ, ಬೂದಿಬಣ್ಣಕ್ಕೆ ತಿರುಗಿರುತ್ತದೆ. ಬೆಳಕಿಗೆ ಓರೆ ಹಿಡಿದರೆ ಸೂಜಿಮೊನೆಯಂಥ ರಂಧ್ರಗಳು ಕಾಣುತ್ತವೆ, ಒಂದು ಕಾಲಕ್ಕೆ ಅಲ್ಲಿ ಕೂದಲಿತ್ತು. ಬೆರಳ ತುದಿಗೆ ಎರಡು ಹನಿ ಹರಳೆಣ್ಣೆ ತೆಗೆದುಕೊಂಡು, ಬೆರಳುಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ನೆರಿಗೆಯ ಮೇಲೆ ಇಡುತ್ತೇನೆ. ಮೊದಲು ಕಡುಗಪ್ಪು ಕಲೆ. ನೋಡನೋಡುತ್ತಿದ್ದಂತೆ ಕಲೆಯ ಅಂಚು ಹರಡುತ್ತದೆ, ಮಸುಕಾಗುತ್ತದೆ, ಸುತ್ತಲಿನ ಬಣ್ಣದಲ್ಲಿ ಸೇರಿಹೋಗುತ್ತದೆ. ಕುಡಿದಾಯಿತು ಎಂದು ಅರ್ಥ. ಮತ್ತೆ ಪಕ್ಕದಲ್ಲಿ ಇನ್ನೊಂದು ಹನಿ. ಎಳೆಗೂಸಿನ ಮೈಗೆ ಎಣ್ಣೆ ನೀವುವ ಅಜ್ಜಿಯ ಕೈಗೆ ಇರುವ ನಿಧಾನ ಇಲ್ಲಿಯೂ ಬೇಕು. ನೆರಿಗೆಯ ಉದ್ದಕ್ಕೆ ನೀವಬೇಕು, ಅಡ್ಡಕ್ಕೆ ತಿಕ್ಕಬಾರದು. ಹಿಮ್ಮಡಿಯ ಗಟ್ಟಿ ಭಾಗಕ್ಕೆ ಕಡಿಮೆ, ಬೆರಳ ಬುಡಕ್ಕೆ ಹೆಚ್ಚು, ವೆಲ್ಟಿನ ಅಂಚಿಗೆ ಮರೆಯದೆ ಒಂದು ಸುತ್ತು. ಹೀರಿಕೊಳ್ಳುವುದು ನಿಂತ ಕೂಡಲೇ ಕೈಯೂ ನಿಲ್ಲಬೇಕು. ಮಿಕ್ಕ ಎಣ್ಣೆ ಧೂಳನ್ನು ಕರೆಯುತ್ತದೆ, ಚರ್ಮವನ್ನು ಜೋಲಾಗಿಸುತ್ತದೆ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಒಣಬಟ್ಟೆಯಿಂದ ಒರೆಸಿದರೆ ಬೂಟು ಮಡಿಚಿದ ಕಡೆ ಮಡಿಯುತ್ತದೆ, ಕರಕರ ಎನ್ನುವುದಿಲ್ಲ.

ಹರಳೆಣ್ಣೆಯೇ ಏಕೆ? ನಮ್ಮ ಮನೆ ಮೆಹ್ಸಾಣಾ ಕಡೆಗೆ ಹೋಗುವ ಹೆದ್ದಾರಿಗೆ ದೂರವಿಲ್ಲ. ಆ ದಾರಿಯಲ್ಲಿ ಊರು ದಾಟಿದರೆ ಚಳಿಗಾಲದಲ್ಲಿ ಎರಡೂ ಕಡೆ ಹರಳಿನ ಹೊಲ, ಕೆಂಪು ಕಾಂಡ, ಅಂಗೈಯಗಲದ ಎಲೆ, ಮುಳ್ಳುಮುಳ್ಳಾದ ಕಾಯಿಗೊಂಚಲು. ಮೆಹ್ಸಾಣಾ, ಪಾಟಣ್, ಬನಾಸ್‌ಕಾಂಠಾ ಜಿಲ್ಲೆಗಳು ಹರಳಿನ ತವರು. ಜಗತ್ತಿನಲ್ಲಿ ಬೆಳೆಯುವ ಹರಳಿನಲ್ಲಿ ಬಹುಪಾಲು ಭಾರತದ್ದು, ಭಾರತದ್ದರಲ್ಲಿ ಬಹುಪಾಲು ಗುಜರಾತಿನದು. ಈ ಎಣ್ಣೆಯ ಶೇಕಡ 85ಕ್ಕೂ ಹೆಚ್ಚು ಭಾಗ ರಿಸಿನೊಲೆಯಿಕ್ ಆಮ್ಲ. ಅದು ಅಗಸೆ ಎಣ್ಣೆಯ ಹಾಗೆ ಒಣಗಿ ಪೊರೆಗಟ್ಟುವುದಿಲ್ಲ, ಮೆತ್ತಗೆ ಚರ್ಮದೊಳಗೇ ಉಳಿಯುತ್ತದೆ. ಇದೇ ಎಣ್ಣೆಗೆ ಗಂಧಕಾಮ್ಲ ಸೇರಿಸಿ ನೀರಿನಲ್ಲಿ ಬೆರೆಯುವಂತೆ ಮಾಡಿದರೆ ಅದು ಟರ್ಕಿ ರೆಡ್ ಆಯಿಲ್. 19ನೇ ಶತಮಾನದಿಂದ ಬಟ್ಟೆಗೆ ಬಣ್ಣ ಹಾಕುವವರು ಅದನ್ನು ಬಳಸಿದರು, ಚರ್ಮದ ಕಾರ್ಖಾನೆಗಳು ಹದವಾದ ತೊಗಲಿಗೆ ಕೊಬ್ಬು ಕೂಡಿಸಲು ಬಳಸಿದವು. ನಾನು ಚಾದರದ ಮೇಲೆ ಕೂತು ಮಾಡುವುದು ಕಾರ್ಖಾನೆಯ ಕೊನೆಯ ಹಂತವನ್ನೇ, ಮನೆಯ ಅಳತೆಯಲ್ಲಿ.

ಕರಾವಳಿಯ ಗೆಳತಿಯರು ತೆಂಗಿನೆಣ್ಣೆ ಹಚ್ಚುತ್ತಾರೆ. ಅವರ ಊರಿಗೆ ಅದು ಸಲ್ಲುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಇಲ್ಲಿ ಜನವರಿಯ ರಾತ್ರಿ 12 ಡಿಗ್ರಿಗೆ ಇಳಿದಾಗ ಅದು ಕಪ್ಪು ಬೂಟಿನ ಮೇಲೆ ಬಿಳಿ ಪುಡಿಯಾಗಿ ಎದ್ದು ಕೂರುತ್ತದೆ. ಶೇಂಗಾ ಎಣ್ಣೆ ಕಮಟುತ್ತದೆ. ಹರಳೆಣ್ಣೆ ಬರಿದೇ ಮಂದವೆನಿಸಿದರೆ ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ ಮುಲಾಮು ಮಾಡಿಟ್ಟುಕೊಳ್ಳಬಹುದು. ಜೇನುಮೇಣ ಕರಗುವುದು 62 ಡಿಗ್ರಿಯ ಮೇಲೆ, ಹಾಗಾಗಿ ನಮ್ಮ ಮೇ ತಿಂಗಳಿಗೂ ಅದು ನೀರಾಗುವುದಿಲ್ಲ. ತಿಳಿಗಂದು ಬೂಟಿಗೆ ಹಚ್ಚುವ ಮುಂಚೆ ನಾಲಿಗೆಯ ಒಳಬದಿಯಲ್ಲಿ ಒಂದು ಹನಿ ಹಾಕಿ ನೋಡಬೇಕು, ಎಣ್ಣೆ ಬಣ್ಣವನ್ನು ಗಾಢ ಮಾಡುತ್ತದೆ. ಮಖಮಲ್ಲಿನಂಥ ಸ್ವೇಡ್‌ಗೆ ಎಣ್ಣೆ ತೋರಿಸಲೇಬಾರದು.

ಇದನ್ನು ನನಗೆ ಕಲಿಸಿದವರು ನಮ್ಮ ರಸ್ತೆಯ ಬೇವಿನ ಮರದಡಿ ಕೂರುವ ಮೋಚಿ ಕಾಕಾ. ಅವರ ಮುಂದೆ ಇರುವುದು ಮೂರು ಕಾಲಿನ ಕಬ್ಬಿಣದ ಅಚ್ಚು, ಅರ್ಧಚಂದ್ರದ ರಂಪಿಗೆ, ಮರದ ಹಿಡಿಯ ಆರಿ, ಮೇಣ ಹಚ್ಚಿದ ದಾರದುಂಡೆ. ಅಪ್ಪನ ಬೂಟನ್ನು ಮೊದಲ ಸಲ ಒಯ್ದಾಗ ಅವರು ಅದರ ಹೊಳಪಿನ ಕಡೆ ನೋಡಲೇ ಇಲ್ಲ. ಬೂಟಿನೊಳಗೆ ಕೈ ತೂರಿಸಿ ಒಳಗಿನಿಂದ ಹೆಬ್ಬೆರಳು ಒತ್ತಿದರು, ಬಗ್ಗಿಸಿ ಕಿವಿಗೆ ಹಿಡಿದರು.

“ಬೆನ್, ಇದಕ್ಕೆ ಪಾಲಿಶ್ ಹೊಟ್ಟೆ ಬಿರಿಯುವಷ್ಟು ಆಗಿದೆ. ದಿವೇಲ್ ಮಾತ್ರ ಬಹಳ ದಿನದಿಂದ ಸಿಕ್ಕಿಲ್ಲ,” ಎಂದರು. ದಿವೇಲ್ ಎಂದರೆ ಇಲ್ಲಿ ಹರಳೆಣ್ಣೆ.

“ಉಳಿಯುತ್ತದಾ ಕಾಕಾ?” ಎಂದೆ.

“ನಾರು ಹರಿದಿಲ್ಲ. ಕುಡಿಸಿ. ಒಂದೇ ದಿನ ಎಲ್ಲ ಕುಡಿಸಬೇಡಿ.”

ಅವರು ಹೇಳಿದ ಮಾತಿನ ಹಿಂದೆ ಗಟ್ಟಿ ಕಾರಣವಿದೆ. ಡಬ್ಬಿಯ ಪಾಲಿಶ್ ಎಂದರೆ ಬಹುಮಟ್ಟಿಗೆ ಮೇಣ, ಅದನ್ನು ಹರಡಲು ಟರ್ಪೆಂಟೈನ್‌ನಂಥ ದ್ರಾವಕ. ಬ್ರೆಜಿಲಿನ ಒಂದು ಜಾತಿಯ ತಾಳೆಯೆಲೆಯಿಂದ ಬರುವ ಕಾರ್ನೌಬಾ ಮೇಣ ಗಟ್ಟಿಯಾದದ್ದು, ಕನ್ನಡಿಯಂಥ ಹೊಳಪು ಅದರದು. 1906ರಲ್ಲಿ ಮೆಲ್ಬರ್ನ್‌ನ ವಿಲಿಯಂ ರಾಮ್ಸೆ ತಂದ ಕಿವಿ ಪಾಲಿಶ್ ಎರಡು ಮಹಾಯುದ್ಧಗಳ ಸೈನಿಕರ ಕಾಲಿನ ಮೇಲೆ ಲೋಕ ಸುತ್ತಿತು. ನಮ್ಮ ಮನೆಗಳಲ್ಲಿ ಅದರ ಜೊತೆಗೆ ಚೆರ್ರಿ ಬ್ಲಾಸಮ್ ಡಬ್ಬಿ. ಮೇಣ ನೀರನ್ನು ತಡೆಯುತ್ತದೆ, ಗೀರನ್ನು ಮುಚ್ಚುತ್ತದೆ, ಅದರ ಕೆಲಸ ಅಲ್ಲಿಗೆ ಮುಗಿಯಿತು. ಒಣಗಿದ ಚರ್ಮಕ್ಕೆ ಅದನ್ನೇ ಬಳಿಯುತ್ತ ಹೋದರೆ ದ್ರಾವಕ ಇದ್ದಬದ್ದ ಕೊಬ್ಬನ್ನೂ ಎಳೆಯುತ್ತದೆ. ಹದವಾದ ಚರ್ಮಕ್ಕೆ ತೆಳುವಾಗಿ ಒಂದು ಕೈ ಪಾಲಿಶ್, ಬ್ರಷ್ಷಿನ ಹಗುರ ಓಡಾಟ ಸಾಕು. ಆ ಹೊಳಪಿಗೆ ಆಳ ಇರುತ್ತದೆ.

ಅಪ್ಪನಿಗೆ ಈ ತಿಳಿವಳಿಕೆ ಊರಿನಿಂದಲೇ ಬಂದಿರಬೇಕು. ಅಥಣಿ, ಮದಭಾವಿ, ನಿಪ್ಪಾಣಿಯ ಕೇರಿಗಳಲ್ಲಿ ಹೊಲಿಯುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಊರೂರು ತಿರುಗುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದ ಮಾಡಿ, ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿದ ಚಪ್ಪಲಿ ಅದು. ಹೊಸದನ್ನು ತಂದವರು ಎಣ್ಣೆ ಹಚ್ಚಿ ಹಚ್ಚಿ ಮೆಟ್ಟಿ ಪಳಗಿಸುತ್ತಾರೆ. ಅಂಗಡಿಯಿಂದ ಮನೆಗೆ ಬಂದ ದಿನ ಚಪ್ಪಲಿ ಪೂರ್ತಿಯಾಗಿರುವುದಿಲ್ಲ, ತೊಡುವವರು ಅದನ್ನು ಪೂರ್ತಿ ಮಾಡುತ್ತಾರೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೆಂಟಿಂಕ್ ಸ್ಟ್ರೀಟಿನ ಬೂಟಿಗೂ ಅಪ್ಪ ಅದೇ ನ್ಯಾಯ ಸಲ್ಲಿಸಿದರು.

ಗುಜರಾತಿನ ಚರ್ಮದ ವಿದ್ಯೆಯೂ ಸಣ್ಣದಲ್ಲ. 13ನೇ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ಈ ನಾಡಿನ ಬಗ್ಗೆ ಹೇಳುವಾಗ ಇಲ್ಲಿ ಹದವಾಗುತ್ತಿದ್ದ ಆಡು, ಎಮ್ಮೆ, ಎತ್ತಿನ ತೊಗಲುಗಳು ಹಡಗು ತುಂಬಿ ಅರೇಬಿಯಾಕ್ಕೆ ಹೋಗುತ್ತಿದ್ದುದನ್ನು, ಚಿನ್ನ ಬೆಳ್ಳಿಯ ಎಳೆಯಲ್ಲಿ ಹಕ್ಕಿ ಪ್ರಾಣಿಗಳ ಚಿತ್ರ ಕಸೂತಿ ಮಾಡಿದ ಕೆಂಪು ನೀಲಿ ಚರ್ಮದ ಹಾಸುಗಳನ್ನು ಮೆಚ್ಚಿ ವಿವರಿಸಿದ್ದಾನೆ. ಕಛ್‌ನ ಮೋಚಿಗಳು ಬೂಟು ಹೊಲಿಯುವ ಆರಿಯನ್ನೇ ಸಣ್ಣಗೆ ಮಾಡಿ ರೇಷ್ಮೆಯ ಮೇಲೆ ಓಡಿಸಿ ಮೋಚಿ ಭರತ್ ಎಂಬ ಕಸೂತಿಯನ್ನು ಬೆಳೆಸಿದರು. ಭುಜ್‌ನ ಅರಮನೆ ಅದಕ್ಕೆ ಆಸರೆಯಾಗಿತ್ತು. ಕಾಕಾನ ಕೈಯಲ್ಲಿ ಆರಿ ಓಡುವುದನ್ನು ನೋಡಿದರೆ ಆ ರೇಷ್ಮೆಯ ಹೂಬಳ್ಳಿ ಎಲ್ಲಿಂದ ಬಂತೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಚಾಂದ್‌ಖೇಡಾದಿಂದ ದಕ್ಷಿಣಕ್ಕೆ ಹೋದರೆ ಸಾಬರಮತಿ ಆಶ್ರಮ. ಗಾಂಧೀಜಿ 1917ರಲ್ಲಿ ಅಲ್ಲಿ ನೆಲೆಯೂರುವ ಎಷ್ಟೋ ಮೊದಲೇ ಚಪ್ಪಲಿ ಹೊಲಿಯಲು ಕಲಿತಿದ್ದರು. ಹರ್ಮನ್ ಕ್ಯಾಲೆನ್‌ಬಾಕ್ ದಕ್ಷಿಣ ಆಫ್ರಿಕದ ಮರಿಯನ್‌ಹಿಲ್‌ನ ಕ್ರೈಸ್ತ ಮಠದಲ್ಲಿ ಆ ವಿದ್ಯೆ ಕಲಿತು ಬಂದು ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹೇಳಿಕೊಟ್ಟರು. ಜೈಲಿನಲ್ಲಿ ತಮ್ಮ ಕೈಯಾರೆ ಮಾಡಿದ ಒಂದು ಜೋಡಿಯನ್ನು ಗಾಂಧೀಜಿ 1914ರಲ್ಲಿ, ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೇ ಉಡುಗೊರೆ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ತೊಟ್ಟರು. ಗಾಂಧೀಜಿಗೆ 70 ತುಂಬಿದ 1939ರಲ್ಲಿ ಗೌರವದಿಂದ ಹಿಂದಿರುಗಿಸಿದರು, ಅಂಥವರ ಪಾದರಕ್ಷೆಯಲ್ಲಿ ನಿಲ್ಲಲು ತಾನು ಯೋಗ್ಯನಲ್ಲ ಎಂಬ ಭಾವದಲ್ಲಿ ಬರೆದರು. ನನಗೆ ಆ ಪ್ರಸಂಗದಲ್ಲಿ ಹಿಡಿಸುವುದು ಆ ಬೇಸಿಗೆಗಳು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಉಡುಗೊರೆ ಅದಾಗಲಿಲ್ಲ. ತೊಟ್ಟು, ಮಣ್ಣು ಮೆಟ್ಟಿ, ಮತ್ತೆ ಹಿಂದಿರುಗಿಸುವಷ್ಟು ಚೆನ್ನಾಗಿ ಉಳಿಯಿತು.

ಚರ್ಮವನ್ನು ಪ್ರೀತಿಸುತ್ತೇನೆ ಎನ್ನುವವರು ಅದರ ಹಿಂದಿನ ಕೈಗಳ ವಿಷಯದಲ್ಲಿ ಮೌನವಾಗಿರಲಾಗದು. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಹರಳಯ್ಯನ ಒಂದು ಶರಣಿಗೆ ಎರಡು ಶರಣು ಹೇಳಿದರೆಂದು, ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಲ್ಲೇ ಚಮ್ಮಾವುಗೆ ಮಾಡಿ ತಂದರೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ಅವರ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆಯಾಯಿತು. 2016ರ ಜುಲೈಯಲ್ಲಿ ಇದೇ ಗುಜರಾತಿನ ಊನಾ ಬಳಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಥಳಿಸಿದರು. ಬೂಟು ಎಲ್ಲರಿಗೂ ಬೇಕು, ಅದನ್ನು ಮಾಡಿದವರ ಪಕ್ಕ ಕೂರಲು ಬಾರದು ಎಂಬ ಲೋಕ ಇನ್ನೂ ಮುಗಿದಿಲ್ಲ. ಹಳೆಯ ಬೂಟಿಗೆ ಎಣ್ಣೆ ಹಚ್ಚುವಾಗ ನನ್ನ ಬೆರಳು ಓಡುವುದು ಒಂದು ಪ್ರಾಣಿಯ ಮೈಮೇಲೆ, ಸುಲಿದವರ, ಹದ ಮಾಡಿದವರ, ಹೊಲಿದವರ ದುಡಿಮೆಯ ಮೇಲೆ. ಅದನ್ನು ಬೇಗ ಎಸೆಯುವ ಹಕ್ಕು ನನಗಿಲ್ಲ ಎಂದು ಬಲವಾಗಿ ಅನ್ನಿಸುತ್ತದೆ.

ಮಳೆ ಬಂತೆಂದರೆ ಆರೈಕೆ ತಿರುವುಮುರುವು. ಜೂನ್ ಕೊನೆಯಿಂದ ಕಪಾಟಿನ ಬಾಗಿಲು ದಿನಕ್ಕೊಮ್ಮೆ ತೆರೆದಿಡಬೇಕು, ಪ್ಲಾಸ್ಟಿಕ್ ಚೀಲ ಕಿತ್ತೆಸೆಯಬೇಕು. ಬೂಷ್ಟು ಬಂದರೆ ಮನೆಯ ಹೊರಗೆ ಒಯ್ದು ಬ್ರಷ್ಷಿನಿಂದ ಝಾಡಿಸಿ ವಿನೆಗರ್ ನೀರಲ್ಲಿ ಒರೆಸಿ ಒಣಗಿಸಬೇಕು. ಆ ತಿಂಗಳುಗಳಲ್ಲಿ ಎಣ್ಣೆ ಬೇಡ, ಬೂಷ್ಟಿಗೆ ಅದೂ ಊಟವೇ. ನೆನೆದ ಬೂಟಿನೊಳಗೆ ಹಳೇ ಪತ್ರಿಕೆಯ ಉಂಡೆ ತುರುಕಿ, ಒದ್ದೆಯಾದಂತೆ ಬದಲಿಸುತ್ತಿದ್ದರೆ ಆಕಾರವೂ ಕೆಡುವುದಿಲ್ಲ. ಮರದ ಅಚ್ಚು ಇದ್ದರೆ ಇನ್ನೂ ಒಳ್ಳೆಯದು. ಎಲ್ಲಿಸ್ ಸೇತುವೆಯ ಬಳಿ ಸಾಬರಮತಿಯ ದಂಡೆಯಲ್ಲಿ ಭಾನುವಾರ ನೆರೆಯುವ ಗುಜರಿ ಬಜಾರಿನಲ್ಲಿ, ಹಳೇ ಬೀಗ, ಪುಸ್ತಕ, ಕುರ್ಚಿಗಳ ರಾಶಿಯ ನಡುವೆ ಹುಡುಕುವ ತಾಳ್ಮೆಯಿದ್ದವರಿಗೆ ಅಂಥ ಅಚ್ಚೂ ಸಿಗುತ್ತದೆ, ಹಳೆಯ ಒಳ್ಳೆಯ ಬೂಟೂ ಸಿಗುತ್ತದೆ. ಒಮ್ಮೆ ತೊಟ್ಟ ಬೂಟಿಗೆ ಮರುದಿನ ವಿಶ್ರಾಂತಿ ಕೊಡುವುದು ಎಲ್ಲ ಋತುವಿಗೂ ಸಲ್ಲುವ ನಿಯಮ, ಒಳಗಿನ ಬೆವರು ಆರಲು ಅಷ್ಟು ಹೊತ್ತು ಬೇಕೇಬೇಕು.

ಕಳೆದ ಚಳಿಗಾಲ ಕಾಕಾ ಅಪ್ಪನ ಬೂಟಿಗೆ ಹೊಸ ಅಟ್ಟೆ ಹಾಕಿದರು. ಹಳೆಯ ಹೊಲಿಗೆ ಬಿಚ್ಚಿದಾಗ ಒಳಗಿನ ಕಾರ್ಕ್ ಅಪ್ಪನ ಅಂಗಾಲಿನ ಅಚ್ಚು ಹೊತ್ತು ಕಲ್ಲಿನಷ್ಟು ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದು ಹೊಸದು ತುಂಬಿದರು. ಈಗ ಅದನ್ನು ತೊಡುವವನು ನನ್ನ ಮಗ, ಅವನ ಪಾದ ಅಜ್ಜನದೇ ಅಳತೆ. ಅವನು ನಡೆದಂತೆ ಕಾರ್ಕ್ ಅವನದಾಗುತ್ತಿದೆ. ಮೇಲಿನ ಚರ್ಮದ ನೆರಿಗೆ ಮಾತ್ರ ಇನ್ನೂ ಅಪ್ಪನದೇ. ಎಣ್ಣೆ ಹಚ್ಚುವ ಕೆಲಸವನ್ನು ಅವನಿಗೆ ವಹಿಸಿದ್ದೇನೆ, ಯಾಕೆಂದರೆ ತೊಡುವವರ ಕೈಗೆ ಮಾತ್ರ ಬೂಟಿನ ಹಸಿವು ಸರಿಯಾಗಿ ತಿಳಿಯುತ್ತದೆ.

ನಿಮ್ಮ ಮನೆಯ ಅಟ್ಟದ ಮೇಲೂ ಅಜ್ಜನದೋ ಮಾವನದೋ ಒಂದು ಜೋಡಿ ಇದ್ದೀತು. ಈ ವಾರವೇ ಇಳಿಸಿ ನೋಡಿ. ಮೆಲ್ಲಗೆ ಬಗ್ಗಿಸಿ. ಕೆಂಪು ಪುಡಿ ಉದುರಿದರೆ, ನೆರಿಗೆಯಲ್ಲಿ ಆರಪಾರ ಸೀಳು ಕಂಡರೆ ಅದರ ಆಯುಷ್ಯ ಮುಗಿದಿದೆ. ಬರೀ ಬೆಳ್ಳಗಾಗಿ ಬಿಗಿದಿದ್ದರೆ ಅದು ಬದುಕಿದೆ, ಒರೆಸಿ ಹನಿಹನಿಯಾಗಿ ಕುಡಿಸಿ. ಅಟ್ಟೆ ಸವೆದಿದ್ದರೆ ಹತ್ತಿರದ ಮೋಚಿಯ ಬಳಿ ಒಯ್ಯಿರಿ, ಪಕ್ಕದಲ್ಲೇ ಕೂತು ಅವರ ಕೆಲಸ ನೋಡಿ. ಹೊಸ ಬೂಟಿಗೆ ತುಟಿ ಪಿಟಕ್ಕೆನ್ನದೆ ಸಾವಿರಗಟ್ಟಲೆ ಕೊಡುವ ನಾವು, ಹಳೆಯದಕ್ಕೆ ಇನ್ನೊಂದು ತಲೆಮಾರಿನ ಆಯುಷ್ಯ ಕೊಡುವವರ ಮುಂದೆ ಹತ್ತು ರೂಪಾಯಿಗೆ ಚೌಕಾಶಿ ಮಾಡಬಾರದು. ಅವರು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ.